ಅಕ್ಕ ಹಿಡಿದ ಎಳೆ

ಬಟ್ಟೆ ಒಗೆಯುವ ಕಲ್ಲೊಂದರ ಮೇಲೆ ಇಬ್ಬರು ಬ್ಯಾಕ್ಟೀರಿಯಾ ಅಕ್ಕತಂಗಿಯರಿದ್ದರು. ಒಂದೇ ಮೈ ಎರಡಾಗಿ ಹುಟ್ಟಿದವರಾದರೂ ಒಬ್ಬಳು ತಾನೇ ಅಕ್ಕ ಎಂದುಕೊಂಡಿದ್ದಳು. ಕಲ್ಲು ಆರುತ್ತಾ ಬಂತು. ತಂಗಿ ತನ್ನ ಮೈಯ ಕೂದಲಿನಂಥ ಎಳೆಯೊಂದನ್ನು ಚಾಚಿ, ಒದ್ದೆಯಿದ್ದ ಬಿರುಕಿಗೆ ಅಂಟಿಸಿ, ತನ್ನನ್ನು ಅತ್ತ ಎಳೆದುಕೊಂಡಳು. ಆದರೆ ಕದಲಲಾಗಲಿಲ್ಲ. ಅಕ್ಕನ ಎಳೆ ಅವಳ ಬೆನ್ನಿಗೆ ಅಂಟಿತ್ತು.

“ಬಿಡೇ ಅಕ್ಕಾ, ಇಲ್ಲೇ ಇದ್ದರೆ ಇಬ್ಬರೂ ಒಣಗಿ ಸಾಯ್ತೀವಿ.”

“ಬಿದ್ದುಗಿದ್ದೀಯ ಅಂತ ಹಿಡಿದಿದ್ದೀನಿ ಕಣೇ.”

“ಅಂಟಿಕೊಂಡೇ ನಡೆಯೋರು ನಾವು. ಬೀಳೋದು ಎಲ್ಲಿಂದ ಬಂತು?”

ಅಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಎಳೆ ಬಿಟ್ಟಳು. ತಂಗಿ ಚಿಮ್ಮಿ ಹೋಗಿ ಬಿರುಕು ಸೇರಿದಳು. ಅಕ್ಕ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬಿರುಕಿನಿಂದ ಎಳೆಯೊಂದು ಬಂದು ಅವಳ ಮೈಗೆ ಅಂಟಿ, ಜಗ್ಗಿತು.

“ಮೆಲ್ಲಗೆ ಎಳಿಯೇ!” ಎಂದು ಅಕ್ಕ ಗದರಿದಳು.