ತುತ್ತಿ ಗಿಡದ ಸಂಜೆ

ಬೇಸಿಗೆ ರಜೆಗೆ ಮನೆಯವರು ಊರಿಗೆ ಹೋದದ್ದೇ ತಡ, ನೀರಿಲ್ಲದೆ ಕುಂಡದ ದಾಸವಾಳದ ಮೊಗ್ಗುಗಳೆಲ್ಲ ಉದುರಿದವು ನೋಡಿ. ಮಧ್ಯಾಹ್ನ ಜೇನುನೊಣವೊಂದು ಬಂದು, “ಗೂಡಿನಲ್ಲಿ ಮರಿಗಳು ಹಸಿದಿವೆ, ಏನಾದರೂ ಕೊಡಮ್ಮ” ಎಂದಿತು.

“ನೀರು ಹಾಕುವವರು ಬರಲಿ” ಎಂದಿತು ದಾಸವಾಳ. “ಕಾಂಪೌಂಡಿನಾಚೆ ತಾನಾಗಿ ಬೆಳೆದ ಆ ತುತ್ತಿ ಗಿಡವನ್ನು ಮಾತ್ರ ಕೇಳಬೇಡ. ನಮ್ಮ ದಾಯಾದಿಯೇ, ಆದರೆ ಸೋಮಾರಿ. ಹೊತ್ತು ನೆತ್ತಿಗೇರಿದರೂ ಕಣ್ಣು ಬಿಟ್ಟಿಲ್ಲ.”

ಅದನ್ನು ಕೇಳಿದ ತುತ್ತಿ ಗಿಡ ನಕ್ಕು ಜೇನಿಗೆ, “ಉರಿಬಿಸಿಲಲ್ಲಿ ನಾನು ಅರಳುವುದಿಲ್ಲ ತಾಯಿ. ಸಂಜೆಗೆ ಬಾ, ಬಳಗವನ್ನೂ ಕರೆದುಕೊಂಡು ಬಾ” ಎಂದಿತು.

ಹೊತ್ತು ಇಳಿಯುತ್ತಿದ್ದಂತೆ ಗೋಡೆಯುದ್ದಕ್ಕೂ ಹಳದಿ ಹೂಗಳು ಅರಳಿದವು. ಬಂದ ಜೇನುಗಳೆಲ್ಲ ಹೊಟ್ಟೆತುಂಬ ಉಂಡು, ಮರಿಗಳಿಗೂ ಹೊತ್ತೊಯ್ದವು.

“ನಿನಗೆ ನೀರು ಹಾಕಿದವರು ಯಾರು?” ಎಂದು ದಾಸವಾಳ ಕೇಳಿತು.

“ಯಾರೂ ಇಲ್ಲ ಅಕ್ಕ. ಯಾರೂ ಹಾಕುವುದಿಲ್ಲವೆಂದು ಗೊತ್ತಾದ ದಿನವೇ ಬೇರನ್ನು ಆಳಕ್ಕೆ ಕಳಿಸಿದೆ.”