ಹೊಸ ನಾಯಕನ ಸಿಳ್ಳೆ

ಹಂದಿಯ ಕೋರೆಗೆ ಸಿಕ್ಕಿ ಹಳೆಯ ನಾಯಕ ಸತ್ತಮೇಲೆ ಸೀಳುನಾಯಿಗಳ ಹಿಂಡಿಗೆ ಆಚೆ ಕಾಡಿನಿಂದ ಹೊಸ ನಾಯಕ ಬಂದ. ಹಳಬ ಸಿಳ್ಳೆ ಹಾಕಿದರೆ ಸಾಕು, ಎಲ್ಲರೂ ಸೇರಿ ಕಡವೆಯನ್ನು ಸ್ವಲ್ಪಸ್ವಲ್ಪವೇ ಹೊಳೆಯ ಕಡೆಗೆ ಒತ್ತುತ್ತಿದ್ದರು. ನೀರಿನಲ್ಲಿ ಕಾದು ನಿಂತ ಹೆಣ್ಣುನಾಯಿ ಕೆಂಚಿ ಅದರ ಕಾಲು ಹಿಡಿಯುತ್ತಿದ್ದಳು.

"ಇದು ಮುದುಕರ ಬೇಟೆ," ಎಂದ ಹೊಸಬ. "ಇನ್ನು ಮೇಲೆ ನಾನು ಸಿಳ್ಳೆ ಹಾಕಿದೊಡನೆ ನೀನು ಬಯಲಿನ ಆ ತುದಿಗೆ ಓಡು. ಕಡವೆಯನ್ನು ನಿನ್ನ ಬಾಯಿಗೇ ಕಳಿಸುತ್ತೇನೆ."

"ಒಡೆಯ, ನನ್ನ ಕಾಲಿಗೆ ಗೊತ್ತಿರುವುದು ಹೊಳೆಯ ದಾರಿಯೊಂದೇ," ಎಂದಳು ಕೆಂಚಿ. "ಗುಹೆಯಲ್ಲಿ ನಾಲ್ಕು ಮರಿಗಳು ಉಪವಾಸ ಬಿದ್ದಿವೆ. ಇವತ್ತೊಂದು ದಿನ ಹಳೆಯ ಹಾಗೇ ನಡೆಯಲಿ."

"ಕಾಲಿಗೆ ನಾನು ಕಲಿಸುತ್ತೇನೆ," ಎಂದು ಅವನು ಸಿಳ್ಳೆ ಹಾಕಿದ.

ಕೆಂಚಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ನಿಂತು ನೋಡಿದರೆ ಹೊಟ್ಟೆಮಟ್ಟ ನೀರು. ಕಾಲು ಅವಳನ್ನು ಹೊಳೆಗೇ ತಂದಿತ್ತು. ಕಡವೆ ಮಾತ್ರ ನಾಯಕ ಹೇಳಿದಂತೆ ಬಯಲಿನ ತುದಿಗೇ ಬಂತು. ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಅವಳು ಹಲ್ಲು ಕಚ್ಚಿಕೊಂಡು ಬಯಲಿಗೇ ಹೋಗಿ ಹುಲ್ಲಿನಲ್ಲಿ ಅವಿತಳು. ಅತ್ತ ನಾಯಕನ ಮನಸ್ಸೂ ಕರಗಿತ್ತು. ಪಾಪ, ಅವಳಿಗೆ ಬರುವುದು ಅದೊಂದೇ ಎಂದುಕೊಂಡು, ಯಾರಿಗೂ ಹೇಳದೆ, ಕಡವೆಯನ್ನು ಹೊಳೆಗೆ ತಿರುಗಿಸಿದ. ನೀರು ಚಿಮ್ಮಿದ ಸದ್ದು ಕೇಳಿ ಕೆಂಚಿ ಓಡಿಬರುವಷ್ಟರಲ್ಲಿ ಕಡವೆ ಆಚೆ ದಡದಲ್ಲಿ ಮೈ ಕೊಡವುತ್ತಿತ್ತು.

"ನೀನು ಇಲ್ಲಿರುತ್ತೀ ಅಂದುಕೊಂಡೆ," ಎಂದ ನಾಯಕ.

"ನೀವು ಅಲ್ಲಿಗೆ ಕಳಿಸುತ್ತೀರಿ ಅಂದುಕೊಂಡೆ," ಎಂದಳು ಕೆಂಚಿ.

ಅವಳು ಗುಹೆಗೆ ಬಂದಾಗ ಮೂರು ಮರಿಗಳು ಎದ್ದು ಬಂದು ಅವಳ ಬಾಯಿ ನೆಕ್ಕಿದವು. ನಾಲ್ಕನೆಯದು ಏಳಲಿಲ್ಲ.