ಆಲಿವ್ ಮರದ ಬುಡದ ಹುಲ್ಲು

ಮಂಜು ಹೊದ್ದ ಗುಡ್ಡದ ಮೇಲೊಂದು ಆಲಿವ್ ಮರವಿತ್ತಂತೆ. ಅದಕ್ಕೆ ಚೊಚ್ಚಲ ಕಾಯಿ. ಎಣ್ಣೆಯಾಗುವ ಕನಸು ಕಾಣುತ್ತಾ ತೂಗುತ್ತಿತ್ತು. ಅದರ ಬುಡದ ತುಂಬ ಹುಲ್ಲು ಕೆದರಿಕೊಂಡು ಬೆಳೆದಿತ್ತು. ಪಕ್ಕದ ತೋಟದ ಹಿರಿಯ ಮರ ಆಲಿವ್ ಅಕ್ಕನ ಬುಡಕ್ಕೋ ಕಳೆ ಸಾಯಿಸುವ ಔಷಧಿ ಹೊಡೆದಿದ್ದರಿಂದ, ಅಲ್ಲಿನ ನೆಲ ಗುಡಿಸಿದ ಅಂಗಳದಂತಿತ್ತು.

"ಥೂ, ನಿನ್ನ ಬುಡ ನೋಡೇ, ತಲೆ ಬಾಚದ ಹುಡುಗಿ ಹಾಗಿದೆ!" ಎಂದು ಅಕ್ಕ ನಕ್ಕಳು.

ನಾಚಿದ ಮರ ಹುಲ್ಲನ್ನು ಗದರಿತು: "ಏಳೇ ಆಚೆ! ನನ್ನ ಕಾಯಿಯ ನೀರೆಲ್ಲ ನೀನೇ ಕುಡೀತೀಯ."

"ಕುಡಿಯೋದು ಒಂದು ಗುಟುಕು ತಾಯಿ. ನಿನ್ನ ಮಣ್ಣು ಹಿಡಿದು ಕೂತಿದ್ದೀನಿ, ಬಿಡಲೇ?" ಎಂದಿತು ಹುಲ್ಲು.

ಅಷ್ಟರಲ್ಲೇ ಜೋರು ಮಳೆ ಇಳಿಯಿತು. ಅಕ್ಕನ ಬುಡದ ಮಣ್ಣೆಲ್ಲ ಕರಗಿ ಹರಿದು, ಬೇರು ಬತ್ತಲಾಗಿ ಅವಳು ವಾಲಿದಳು. ಅವಳ ಕಾಯೆಲ್ಲ ಹಳ್ಳದ ಪಾಲಾಯಿತು. ಇತ್ತ ಹುಲ್ಲು ಹಿಡಿದ ಮಣ್ಣು ಅಲುಗಲಿಲ್ಲ.

ಮಳೆ ನಿಂತಾಗ ಮರ ಬಾಗಿ ಮೆಲ್ಲಗೆ ಕೇಳಿತು: "ಹುಲ್ಲಮ್ಮಾ, ಬೀಜ ಕಟ್ಟಿದ್ದೀಯಾ? ಗಾಳಿ ಬಂದಾಗ ಅಕ್ಕನ ಕಡೆಗೂ ಒಂದಿಷ್ಟು ಕಳಿಸ್ತೀಯಾ?"